ತಾಜುದ್ದೀನರ ಓಕೆ

ಬ್ರೌಸರ್ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಇವತ್ತಿಗೂ ತಡವರಿಸುತ್ತೇನೆ. ಬ್ರೌಸರ್ ತಯಾರಿಸುವ ಕಂಪನಿಯಲ್ಲೇ ಸಂಬಳ ತೆಗೆದುಕೊಳ್ಳುವವನು ಹೀಗೆ ಹೇಳಬಾರದು. ಆದರೆ ನನ್ನ ಕೆಲಸ ಬೆಳಿಗ್ಗೆ ಬೀಗ ತೆಗೆಯುವುದು, ನೀರಿನ ಕ್ಯಾನ್ ತರಿಸುವುದು, ಯುಪಿಎಸ್ ಕೈಕೊಟ್ಟರೆ ಮೆಕ್ಯಾನಿಕ್ಕನನ್ನು ಬೈಯುವುದು. ಸಂಜಯನಗರದ ನಮ್ಮ ಮನೆಯ ಮೇಲಿನ ಮಹಡಿಯನ್ನು ಗೋಪಿ ಎಂಬ ಯುವಕ ಆಫೀಸಿಗೆಂದು ಬಾಡಿಗೆಗೆ ಕೇಳಿಕೊಂಡು ಬಂದ. ಮಹಡಿಯ ಜೊತೆಗೆ ವಿಜಯ್ ಕುಮಾರ್ ಎಂಬ ನನ್ನನ್ನೂ ಇಟ್ಟುಕೊಂಡ. ನಮ್ಮಪ್ಪ ಮುನಿಶಾಮಿ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ನಾವೀಗ ಏನು ಬೆಳೆಯುತ್ತಿದ್ದೇವೆ ಎಂದು ನಮ್ಮ ನೆಂಟರು ಕೇಳಿದಾಗ ‘ಸಾಫ್ಟ್‌ವೇರ್’ ಎಂದು ಹೇಳಿ ಮಾತು ಬದಲಾಯಿಸುತ್ತೇನೆ.

ನನಗೆ ತಿಳಿದದ್ದು ಇಷ್ಟು. ಇಂಟರ್‌ನೆಟ್ಟಿನ ಪುಟವನ್ನು ತೆರೆದು ತೋರಿಸುವುದು ಬ್ರೌಸರ್. ನಮ್ಮದು ತೋರಿಸುವುದರ ಜೊತೆಗೆ ಕನ್ನಡದಲ್ಲಿ ಓದಿಯೂ ಹೇಳುತ್ತದೆ, ಕಣ್ಣು ಕಾಣದವರಿಗಾಗಿ. ಅವರಿಗೆ ಮೌಸ್ ಹಿಡಿದು ಪ್ರಯೋಜನವಿಲ್ಲ. ಕೀಬೋರ್ಡಿನಲ್ಲಿ ಟ್ಯಾಬ್ ಎಂಬ ಕೀ ಒತ್ತುತ್ತ ಪುಟದ ಒಂದೊಂದೇ ಜಾಗಕ್ಕೆ ಹೋಗಬೇಕು, ಅಲ್ಲಿ ಏನಿದೆ ಎಂದು ದನಿ ಹೇಳಬೇಕು. ಅದು ಸರಿಯಾಗಿ ಹೇಳುತ್ತದೋ ಇಲ್ಲವೋ ಎಂದು ನೋಡುವುದಕ್ಕೆ ನಮ್ಮಲ್ಲಿ ಒಬ್ಬರಿದ್ದಾರೆ. ಅವರೇ ತಾಜುದ್ದೀನ್.

ಆರ್‌.ಟಿ.ನಗರದ ಒಂದು ಗಲ್ಲಿಯಲ್ಲಿ ಅವರ ಮನೆ. ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ಹೋಗಿ ಕರೆದುಕೊಂಡು ಬರುವುದೂ ನನ್ನ ಪಾಲಿಗೇ ಬಂತು. ನನಗಿಂತ ಐದಾರು ವರ್ಷ ದೊಡ್ಡವರು. ಇಸ್ತ್ರಿ ಅಂಗಿ, ಜೇಬಿನಲ್ಲಿ ಅತ್ತರು ಸವರಿದ ಕರವಸ್ತ್ರ. ಸಿಡುಬೋ ದಡಾರವೋ, ಮಗುವಾಗಿದ್ದಾಗ ಬಂದ ಕಾಯಿಲೆಯಲ್ಲಿ ಕಣ್ಣು ಹೋದವು. ಕಂಡದ್ದರ ನೆನಪೇನಾದರೂ ಇದೆಯಾ ಎಂದು ಒಮ್ಮೆ ಕೇಳಿದ್ದೆ. ‘ಇದ್ರೂ ಅದು ಕಂಡಿದ್ದು ಅಂತ ಹೆಂಗೆ ಗೊತ್ತಾಗ್ಬೇಕು ವಿಜಯಣ್ಣ?’ ಎಂದು ನಕ್ಕರು. ನನಗೆ ತಲೆಬುಡ ಅರ್ಥವಾಗಲಿಲ್ಲ. ಅವರ ಜೊತೆ ಮಾತಾಡಿದರೆ ಹೀಗೇ ಆಗುತ್ತಿತ್ತು.

ಮೊದಲು ಅವರು ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದರು. ಹೊರಗಿನಿಂದ ಬಂದ ಕರೆಯನ್ನು ಒಳಗಿನ ವಿಭಾಗಗಳಿಗೆ ಕೊಡುವ ಕೆಲಸ. ಬೋರ್ಡಿನ ತುಂಬ ಕೀಗಳು, ಒಂದೊಂದರ ಕೆಳಗೂ ಸ್ಟೋರ್ಸ್, ಪೇಂಟ್ ಶಾಪ್ ಎಂದು ಅಂಟಿಸಿದ ಕಾಗದದ ಚೂರು. ಆ ಚೂರಿನಿಂದ ಇವರಿಗೇನು ಪ್ರಯೋಜನ? ಯಾರೂ ಓದಿ ಹೇಳಲಿಲ್ಲ, ಇವರೂ ಕೇಳಲಿಲ್ಲ. ಒಂದೊಂದೇ ಕೀ ಒತ್ತಿ, ಆ ಕಡೆ ‘ಹಲೋ’ ಎಂದವರು ಯಾರು ಎಂದು ಕೇಳಿ, ಬೋರ್ಡನ್ನು ಕಲಿತರು. ಆಮೇಲೆ ಇಡೀ ಕಾರ್ಖಾನೆಯಲ್ಲಿ ಅವರಷ್ಟು ಬೇಗ ಲೈನ್ ಕೊಡುವವರಿರಲಿಲ್ಲವಂತೆ. ಕಾರ್ಖಾನೆಗೆ ಬೀಗ ಬಿತ್ತು, ಕೆಲವು ವರ್ಷ ಮನೆಯಲ್ಲಿದ್ದರು, ಕಂಪ್ಯೂಟರ್ ಕಲಿತರು, ಗೋಪಿಯ ಕಣ್ಣಿಗೆ ಬಿದ್ದರು.

ಅವರು ಕೆಲಸ ಮಾಡುವುದನ್ನು ನೋಡಬೇಕು. ಕಂಪ್ಯೂಟರಿನ ದನಿಯನ್ನು ಎಷ್ಟು ವೇಗವಾಗಿ ಓಡಿಸುತ್ತಿದ್ದರೆಂದರೆ, ಇಯರ್‌ಫೋನಿನಿಂದ ಸೋರಿದ್ದು ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ ಅನ್ನುತ್ತಿತ್ತೇ ಹೊರತು ಒಂದು ಅಕ್ಷರವೂ ನಮಗೆ ತಿಳಿಯುತ್ತಿರಲಿಲ್ಲ. ಅವರ ಬೆರಳು ಅದಕ್ಕಿಂತ ಮುಂದೆ. ನಾವು ಒಂದು ಟೀ ಕುಡಿಯುವುದರೊಳಗೆ ಹತ್ತಾರು ಪುಟ ನೋಡಿ, ಇಯರ್‌ಫೋನ್ ತೆಗೆದು ‘ಓಕೆ’ ಎನ್ನುತ್ತಿದ್ದರು. ಆ ಓಕೆ ಬಂದರೆ ಹೊಸ ವರ್ಷನ್ ಹೊರಗೆ ಹೋಗುತ್ತಿತ್ತು. ಪ್ರೋಗ್ರಾಮ್ ಬರೆಯುವ ಅಕ್ಷಯಾಗೆ ಅದೇ ಪರೀಕ್ಷೆ, ಅದೇ ರಿಸಲ್ಟು. ‘ತಾಜ್ ಸರ್ ಓಕೆ ಅಂದ್ರು’ ಎಂದರೆ ಗೋಪಿ ಮರುಮಾತಾಡುತ್ತಿರಲಿಲ್ಲ.

ಇಷ್ಟೆಲ್ಲ ಚೆನ್ನಾಗಿದ್ದದ್ದು ಗೊಂದಲವಾದದ್ದು ನೂರ್‌ಜಹಾನಳಿಂದ. ಅವಳು ತಾಜುದ್ದೀನರ ತಂಗಿಯ ಮಗಳು. ಯಲಹಂಕದ ಪುಟ್ಟೇನಹಳ್ಳಿಯ ಒಂದು ಖಾಸಗಿ ಶಾಲೆಯಲ್ಲಿ ಮೂರನೇ ಕ್ಲಾಸಿನ ಟೀಚರ್. ಅವಳ ಕಣ್ಣು ಸ್ವಲ್ಪಸ್ವಲ್ಪವಾಗಿ ಮಬ್ಬಾಗುತ್ತ ಬಂದು, ಕಳೆದ ವರ್ಷದ ಹೊತ್ತಿಗೆ ಬಾಗಿಲು ಎಲ್ಲಿ, ಕಿಟಕಿ ಎಲ್ಲಿ ಎಂಬಷ್ಟು ಬೆಳಕು ಮಾತ್ರ ಉಳಿದಿತ್ತು. ಪಾಠಕ್ಕೆ ಅದರಿಂದ ಏನೂ ತೊಂದರೆಯಿರಲಿಲ್ಲ. ಮಗ್ಗಿ ಯಾರು ತಪ್ಪು ಹೇಳಿದರು, ಕೊನೆಯ ಬೆಂಚಿನಲ್ಲಿ ಯಾರು ಚಾಕೊಲೇಟಿನ ಕಾಗದ ಬಿಚ್ಚಿದರು, ಎಲ್ಲ ಅವಳಿಗೆ ಗೊತ್ತಾಗುತ್ತಿತ್ತು. ತೊಂದರೆ ಬಂದದ್ದು ಹಾಜರಿಯಲ್ಲಿ. ಆ ವರ್ಷದಿಂದ ಶಾಲೆಯ ಹಾಜರಿ ವೆಬ್‌ಸೈಟಿಗೆ ಹೋಯಿತು. ಕ್ಲಾಸ್ ಟೀಚರ್ ಆದವಳು ಮೊದಲ ಪೀರಿಯಡ್ಡಿನಲ್ಲೇ ತಾನೇ ಅದನ್ನು ತುಂಬಬೇಕು. ಬಾರದಿದ್ದ ಮಗುವಿನ ಮನೆಗೆ ತಾನಾಗಿ ಮೆಸೇಜ್ ಹೋಗುತ್ತದೆ.

ಹೆಡ್‌ಮಿಸ್ ಕೆಟ್ಟವರಲ್ಲ. ‘ನೀವೇ ಮಾಡೋಕಾದ್ರೆ ಕ್ಲಾಸ್ ನಿಮ್ದೇ. ಆಗ್ಲಿಲ್ಲ ಅಂದ್ರೆ ಲೈಬ್ರರಿ ನೋಡ್ಕೊಳಿ’ ಎಂದಿದ್ದರು. ಲೈಬ್ರರಿ ಎಂದರೆ ಮೆಟ್ಟಿಲ ಕೆಳಗೆ ಎರಡು ಕಪಾಟು. ನೂರ್‌ಜಹಾನ್ ಮಾಮನ ಮನೆಗೆ ಬಂದು ಅತ್ತಳಂತೆ. ಸಂಬಳ ಅಷ್ಟೇ ಬರುತ್ತದೆ, ಕೆಲಸವೂ ಹೋಗುವುದಿಲ್ಲ, ಆದರೆ ಮಕ್ಕಳು ಹೋಗುತ್ತಾರೆ. ‘ಮಕ್ಳಿಲ್ದೆ ನಾನು ಏನ್ ಟೀಚರ್ರು ಮಾಮೂ?’

‘ಅದಕ್ಕೇನಮ್ಮಾ, ನಮ್ ಬ್ರೌಸರ್ ಇದೆಯಲ್ಲ’ ಎಂದರು ತಾಜುದ್ದೀನ್. ಮರುದಿನವೇ ಆಫೀಸಿನಲ್ಲಿ ಅವಳ ಪಾಸ್‌ವರ್ಡ್ ಹಾಕಿ ಶಾಲೆಯ ಹಾಜರಿ ಪುಟ ತೆರೆದರು. ಚಟಪಟ ಚಟಪಟ. ಇಯರ್‌ಫೋನ್ ತೆಗೆದರು. ‘ಓಕೆ. ಸುಲಭ ಇದೆ. ಅದೇ ಎಲ್ಲಾ ಹೇಳುತ್ತೆ.’

ಎರಡು ದಿನ ಕಳೆದಿರಬೇಕು. ಬೆಳಿಗ್ಗೆ ಇನ್ನೂ ಟೀ ಬಂದಿರಲಿಲ್ಲ, ತಾಜುದ್ದೀನರ ಫೋನ್ ಬಡಿದುಕೊಂಡಿತು. ಆ ಕಡೆ ನೂರ್‌ಜಹಾನ್ ಅಳುತ್ತಿದ್ದಳು. ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೆಬ್ಬಾಳದ ಜಾಮ್ ದಾಟಿ ಪುಟ್ಟೇನಹಳ್ಳಿ ತಲುಪುವಷ್ಟರಲ್ಲಿ ಶಾಲೆಯ ಗೇಟಿನ ಮುಂದೆ ಜಾತ್ರೆ ಸೇರಿತ್ತು. ಮೂರನೇ ಕ್ಲಾಸಿನ ಅಷ್ಟೂ ಮಕ್ಕಳು ಬಂದಿಲ್ಲ ಎಂದು ಅಷ್ಟೂ ಮನೆಗಳಿಗೆ ಮೆಸೇಜ್ ಹೋಗಿತ್ತು. ಈಗತಾನೇ ಗೇಟಿನೊಳಗೆ ಬಿಟ್ಟು ಹೋದ ಮಗು ಬಂದಿಲ್ಲ ಎಂದರೆ ಯಾರಿಗಾದರೂ ಎದೆ ಒಡೆಯುವುದಿಲ್ಲವೇ? ಸರ್ದಾರ್ ಎಂಬ ಆಟೋದವನು ಅರ್ಧ ದಾರಿಯಲ್ಲಿ ಪ್ಯಾಸೆಂಜರನ್ನು ಇಳಿಸಿ ಓಡಿಬಂದಿದ್ದ. ಆ ಊರಿನ ಹಿರಿಯ ಲಕ್ಕಣ್ಣ ಮೊಮ್ಮಗಳನ್ನು ತಬ್ಬಿಕೊಂಡು ಕೂಗಾಡುತ್ತಿದ್ದರು.

‘ಇಂಗೆ ಮಾಡಿದ್ರೆ ಎಂಗಮ್ಮ? ನಾನೇ ಕೈ ಇಡ್ಕಂಡು ಬುಟ್ಟೋಗಿವ್ನಿ, ಬಂದಿಲ್ಲ ಅಂತೀರಲ್ಲ! ನನ್ ಜೀವ ಓಗಿ ಬಂತು.’

ನೂರ್‌ಜಹಾನ್ ಒಬ್ಬೊಬ್ಬರ ಮುಂದೆಯೂ ಕೈಮುಗಿದು ತಪ್ಪಾಯಿತು ಎಂದಳು. ಜನ ಚದುರಿದ ಮೇಲೆ ಹೆಡ್‌ಮಿಸ್ ಹೇಳಿದರು, ‘ಸೋಮವಾರ ಕಮಿಟಿಯವ್ರು ಒಬ್ರು ಬರ್ತಾರೆ. ಅವ್ರ ಮುಂದೆ ಒಂದ್ಸಲ ಮಾಡಿ ತೋರ್ಸಿ, ನೂರ್‌ಜಹಾನ್ ಮಿಸ್. ಇದಾದ್ಮೇಲೆ ನಾನೂ ನಿಮ್ ಪರ ಮಾತಾಡೋಕಾಗಲ್ಲ.’

ಅವತ್ತಿನಿಂದ ಆಫೀಸಿನಲ್ಲಿ ಎಲ್ಲರ ತಲೆಯೂ ಕೆಟ್ಟಿತು. ಅಕ್ಷಯಾ ಆ ಪುಟದ ನಕಲು ಮಾಡಿಕೊಂಡು ತಾನೇ ಹಾಜರಿ ತುಂಬಿದಳು, ಸರಿಯಾಗಿ ಬಂತು. ತಾಜುದ್ದೀನ್ ತುಂಬಿದರು; ಸರಿಯಾಗಿ ಬಂತು. ಮತ್ತೆ ತುಂಬಿದರು, ಮತ್ತೆ ಸರಿ. ನೂರ್‌ಜಹಾನ್ ಮನೆಯಲ್ಲಿ ಅದೇ ನಕಲಿನ ಮೇಲೆ ಪ್ರಯತ್ನಿಸಿದಳು; ಒಂದು ಸಲ ಎಲ್ಲರೂ ಗೈರು, ಇನ್ನೊಂದು ಸಲ ಎಲ್ಲರೂ ಹಾಜರು, ಮತ್ತೊಂದು ಸಲ ಏನೂ ದಾಖಲೇ ಆಗಲಿಲ್ಲ. ಅದೇ ಬ್ರೌಸರ್, ಅದೇ ಪುಟ, ಇಬ್ಬರಿಗೂ ಕಣ್ಣು ಕಾಣದು. ಒಬ್ಬರಿಗೆ ಬರುವುದು ಇನ್ನೊಬ್ಬರಿಗೆ ಯಾಕೆ ಬರುವುದಿಲ್ಲ? ಅವಳ ಲ್ಯಾಪ್‌ಟಾಪ್ ಹಳೆಯದು ಎಂದ ಗೋಪಿ. ಅವಳ ಮನೆಯ ನೆಟ್ ಸರಿಯಿಲ್ಲ ಎಂದಳು ಅಕ್ಷಯಾ. ಯಾರದೋ ದೃಷ್ಟಿ ತಾಗಿರಬೇಕು ಎಂದು ನಾನೂ ನನ್ನ ಪಾಲಿನದು ಹೇಳಿದೆ. ಕೊನೆಗೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಎಲ್ಲ ಸೇರಿ ಹುಡುಗಿಯ ಮೇಲೇ ಹಾಕಿದೆವು. ತಾಜುದ್ದೀನರೂ ಫೋನಿನಲ್ಲಿ, ‘ಸ್ವಲ್ಪ ಗಮನ ಇಟ್ಟು ಕೇಳು ಬೇಟಿ, ಗಡಿಬಿಡಿ ಮಾಡ್ಬೇಡ’ ಎಂದರು. ಅವಳು ಫೋನ್ ಇಟ್ಟುಬಿಟ್ಟಳು.

ಶನಿವಾರ ಅವಳೇ ಆಫೀಸಿಗೆ ಬಂದಳು. ಮುಖ ಗಂಟು ಹಾಕಿಕೊಂಡಿದ್ದಳು. ಮಾಮನ ಪಕ್ಕ ಕುರ್ಚಿ ಎಳೆದುಕೊಂಡು, ‘ಮಾಮೂ, ನೀವು ಮಾಡಿ. ನಾನು ಕೇಳಿಸ್ಕೋತೀನಿ. ಇಯರ್‌ಫೋನ್ ಬೇಡ, ಸ್ಪೀಕರಲ್ಲಿ ಹಾಕಿ. ಸ್ಪೀಡ್ ಕಮ್ಮಿ ಮಾಡಿ, ನಿಮ್ಮಷ್ಟು ಸ್ಪೀಡಲ್ಲಿ ನಂಗೆ ಕೇಳೋಕೆ ಬರಲ್ಲ’ ಎಂದಳು.

ತಾಜುದ್ದೀನ್ ಗೊಣಗುತ್ತ ವೇಗ ತಗ್ಗಿಸಿದರು. ಆ ಆಫೀಸಿನಲ್ಲಿ ಇಷ್ಟು ವರ್ಷ ಕೂತಿದ್ದ ನಾವು, ಅವರು ದಿನಾ ಏನು ಕೇಳುತ್ತಾರೆ ಎಂಬುದನ್ನು ಮೊದಲ ಸಲ ಕೇಳಿದೆವು. ದನಿ ಒಂದೊಂದೇ ಮಗುವಿನ ಹೆಸರು ಹೇಳಿತು. ಆಯೇಷಾ, ಹಾಜರು. ಧನುಶ್ರೀ, ಹಾಜರು. ಎಲ್ಲ ಮುಗಿದ ಮೇಲೆ ಟ್ಯಾಬ್ ಒತ್ತಿದರು.

‘ಬಟನ್’ ಎಂದಿತು ದನಿ.

ಇನ್ನೊಮ್ಮೆ ಒತ್ತಿದರು. ‘ಬಟನ್.’

ಇನ್ನೊಮ್ಮೆ. ‘ಬಟನ್.’

ತಾಜುದ್ದೀನ್ ಒಂದು ಹಿಂದಕ್ಕೆ ಹೋಗಿ ಎಂಟರ್ ಒತ್ತಿದರು. ‘ಆಯ್ತು, ಸೇವ್ ಆಯ್ತು’ ಎಂದರು.

ನನಗೆ ತಡೆಯಲಾಗಲಿಲ್ಲ. ‘ಅಲ್ರೀ ತಾಜು ಭಾಯ್, ಮೂರಕ್ಕೂ ಅದು ಬಟನ್ ಬಟನ್ ಅಂತ ತಾನೇ ಅಂದಿದ್ದು? ನಡುವಿಂದೇ ಸೇವು ಅಂತ ಯಾವಾಗ ಹೇಳ್ತು?’

‘ಹೇಳ್ತಲ್ಲ.’

‘ಎಲ್ಲಿ ಹೇಳ್ತು ಮಾಮೂ?’ ಎಂದಳು ನೂರ್‌ಜಹಾನ್. ‘ಇನ್ನೊಂದ್ಸಲ ಹಾಕಿ.’

ಇನ್ನೊಂದು ಸಲ ಹಾಕಿದರು. ಬಟನ್, ಬಟನ್, ಬಟನ್. ಅವರ ಬೆರಳು ಕೀಬೋರ್ಡಿನ ಮೇಲೇ ನಿಂತಿತು.

ಅಕ್ಷಯಾ ಪರದೆಯ ಹತ್ತಿರ ಬಗ್ಗಿದಳು. ಅಲ್ಲಿ ಮೂರು ಸಣ್ಣ ಚಿತ್ರಗಳಿದ್ದವು. ಒಂದು ಎಲ್ಲರನ್ನೂ ಹಾಜರು ಮಾಡುವ ಟಿಕ್ ಗುರುತು, ನಡುವಿನದು ಸೇವ್, ಕೊನೆಯದು ಎಲ್ಲರನ್ನೂ ಗೈರು ಮಾಡುವ ಇಂಟು ಗುರುತು. ಕಣ್ಣಿದ್ದವಳಿಗೆ ಅವು ಚಿತ್ರ ನೋಡಿಯೇ ತಿಳಿದಿದ್ದವು. ಪುಟ ಮಾಡಿದವರು ಅವಕ್ಕೆ ಹೆಸರೇ ಬರೆದಿರಲಿಲ್ಲ. ಓದುವ ದನಿ ಪಾಪ ಇನ್ನೇನು ಹೇಳೀತು? ಮೆಸೇಜ್ ಹೋದ ದಿನ ನೂರ್‌ಜಹಾನ್, ಸೇವ್ ಎಂಬುದು ಕೊನೆಯಲ್ಲೇ ಇರುತ್ತದೆ ಎಂದು ಕೊನೆಯದನ್ನು ಒತ್ತಿದ್ದಳು. ಏನೂ ಸದ್ದಾಗಲಿಲ್ಲ. ಇದಲ್ಲವೇನೋ ಎಂದು ನಡುವಿನದನ್ನೂ ಒತ್ತಿದ್ದಳು. ಎಲ್ಲರನ್ನೂ ಗೈರು ಮಾಡಿ, ಅದನ್ನೇ ಸೇವ್ ಮಾಡಿದ ಹಾಗಾಯಿತು.

‘ನಿಮಗೆ ಹೆಂಗೆ ಗೊತ್ತಾಯ್ತು ಸರ್?’ ಎಂದು ಕೇಳಿದಳು ಅಕ್ಷಯಾ.

ತಾಜುದ್ದೀನ್ ಕೀಗಳ ಮೇಲೆ ಬೆರಳಾಡಿಸಿ ನೆನಪು ಮಾಡಿಕೊಂಡರು. ‘ಮೊದಲ್ನೇ ದಿನ ಒಂದೊಂದು ಒತ್ತಿ ನೋಡಿರ್ಬೇಕು. ಒತ್ತೋದು, ಮೇಲೆ ಹೋಗಿ ಮೊದಲ್ನೇ ಹೆಸರು ಏನಾಗಿದೆ ಕೇಳೋದು, ವಾಪಸ್ ಬರೋದು. ಬೋರ್ಡಲ್ಲಿ ಹಂಗೇ ಮಾಡ್ತಿದ್ದಿದ್ದು. ಒತ್ತಿ, ಹಲೋ ಕೇಳಿ, ಬಿಡೋದು.’

‘ಅದನ್ನ ನಮಗೆ ಹೇಳ್ಬೇಕಲ್ವಾ ಸರ್? ಬಟನ್‌ಗೆ ಹೆಸ್ರಿಲ್ಲ ಅನ್ನೋದೇ ತಪ್ಪು. ಅದನ್ನ ಹಿಡಿಯೋಕೇ ತಾನೇ ನೀವಿರೋದು?’ ಅಕ್ಷಯಾ ಸ್ವಲ್ಪ ಜೋರಾಗಿಯೇ ಕೇಳಿದಳು.

‘ತಪ್ಪು ಅಂತ ಗೊತ್ತಾಗಿದ್ರೆ ಹೇಳ್ತಿರ್ಲಿಲ್ವೇನಮ್ಮ?’ ಎಂದರು ತಾಜುದ್ದೀನ್. ‘ಯಾರೂ ಹೆಸರು ಹೇಳಲ್ಲ, ನಾವೇ ಕಂಡ್ಕೋಬೇಕು. ಎಲ್ಲಾ ಕಡೆ ಅದು ಹಂಗೇ ತಾನೇ ಇರೋದು?’

ಆಮೇಲೆ ಅವರು ಒಬ್ಬರೇ ಕೂತು, ತಾವು ಹಿಂದೆ ಓಕೆ ಎಂದ ಪುಟಗಳನ್ನು ಒಂದೊಂದಾಗಿ ತೆರೆದು ನಿಧಾನದ ದನಿಯಲ್ಲಿ ಕೇಳತೊಡಗಿದರು. ಬಸ್ ಟಿಕೆಟ್ಟಿನ ಪುಟ, ಗ್ಯಾಸ್ ಬುಕ್ ಮಾಡುವ ಪುಟ. ಅಲ್ಲೊಂದು ‘ಬಟನ್’, ಇಲ್ಲೊಂದು ‘ಚಿತ್ರ’. ಊಟಕ್ಕೆ ಕರೆದರೂ ಏಳಲಿಲ್ಲ. ನಾನು ಗದರಿಸಿದ ಮೇಲೆ ಡಬ್ಬಿ ಬಿಚ್ಚಿದರು, ಆದರೆ ತುತ್ತು ಕೈಯಲ್ಲೇ ಇತ್ತು. ‘ವಿಜಯಣ್ಣ, ಅದು ಹೇಳಿದ್ದು ಯಾವ್ದು, ನಂಗೇ ಗೊತ್ತಿರೋದು ಯಾವ್ದು, ಬೇರೆ ಮಾಡೋಕೇ ಆಗ್ತಿಲ್ಲ. ತಲೆ ತಿರುಗ್ತಾ ಇದೆ’ ಎಂದರು. ನನಗೆ ಸಂಕಟವಾಯಿತು. ಇಷ್ಟು ಜಾಣ ಮನುಷ್ಯ ತನ್ನ ಜಾಣತನವನ್ನೇ ನಂಬಲಾರದೆ ಕೂತಿದ್ದನ್ನು ನೋಡಲಾಗಲಿಲ್ಲ.

ಶಾಲೆಯ ಪುಟ ನಮ್ಮದಲ್ಲ, ಅದನ್ನು ತಿದ್ದಲು ನಮಗೆ ಹಕ್ಕಿಲ್ಲ. ನಮ್ಮ ಬ್ರೌಸರನ್ನು ತಿದ್ದಬಹುದು. ಅಕ್ಷಯಾ ಅವತ್ತೇ ಕೂತಳು. ಹೆಸರಿಲ್ಲದ ಬಟನ್ ಬಂದರೆ ಬ್ರೌಸರ್ ಆ ಚಿತ್ರವನ್ನು ನೋಡಿ ‘ಹೆಸರಿಲ್ಲ, ಬಹುಶಃ ಸೇವ್’ ಎನ್ನಬೇಕು. ಒತ್ತಿದ ಮೇಲೆ ಪುಟದಲ್ಲಿ ಏನು ಬದಲಾಯಿತು ಎಂಬುದನ್ನೂ ಬಾಯಿಬಿಟ್ಟು ಹೇಳಬೇಕು. ಭಾನುವಾರ ಮಧ್ಯಾಹ್ನಕ್ಕೆ ಮುಗಿಸಿದಳು. ಗೋಪಿ ಎಂದಿನಂತೆ ತಾಜುದ್ದೀನರ ಹತ್ತಿರ ಬಂದು ನಿಂತ. ‘ಒಂದ್ಸಲ ನೋಡಿ ಓಕೆ ಅಂದ್ಬಿಡಿ ಸರ್. ನೂರ್‌ಜಹಾನ್ ಲ್ಯಾಪ್‌ಟಾಪಿಗೆ ಹಾಕ್ಕೊಡೋಣ.’

‘ನಕ್ಕೋ’ ಎಂದರು ತಾಜುದ್ದೀನ್.

ಮನೆಯಲ್ಲಾಡುವ ಮಾತು ಬಾಯಿಗೆ ಬಂದುಬಿಟ್ಟಿತ್ತು. ಅವರ ಬಾಯಲ್ಲಿ ಬೇಡ ಎಂಬುದನ್ನು ಯಾವ ಭಾಷೆಯಲ್ಲೂ ಕೇಳಿರದ ಗೋಪಿ ಪೆಚ್ಚಾಗಿ ನನ್ನ ಮುಖ ನೋಡಿದ.

‘ನಾನು ಓಕೆ ಅನ್ನಲ್ಲ ಗೋಪಿ ಸರ್. ಆ ಪುಟ ನಂಗೆ ಬಾಯಿಪಾಠ. ಕಂಪ್ಯೂಟರ್ ಆಫ್ ಮಾಡಿದ್ರೂ ನಾನು ಓಕೆ ಅಂತೀನಿ. ಅವಳನ್ನ ಕೂರ್ಸಿ. ನಾನು ಆಚೆ ಇರ್ತೀನಿ, ಇಲ್ಲಾಂದ್ರೆ ಬಾಯಿ ತಡೆಯಲ್ಲ.’

ಹೇಳಿದಂತೆಯೇ ಮೆಟ್ಟಿಲ ಮೇಲೆ ಹೋಗಿ ಕೂತರು. ಒಳಗೆ ನೂರ್‌ಜಹಾನ್ ಕೂತಳು. ಬಟನ್‌ಗಳಲ್ಲಿ ಅವಳು ಎಡವಲಿಲ್ಲ. ಬೇರೆ ಕಡೆ ಎಡವಿದಳು. ಒಂದು ಮಗುವನ್ನು ಗೈರು ಎಂದು ಗುರುತು ಮಾಡಿದ ಕೂಡಲೇ ಬ್ರೌಸರ್ ಅವಳನ್ನು ಪುಟದ ತಲೆಗೆ ಎಸೆಯುತ್ತಿತ್ತು. ಮುಂದಿನ ಮಗು ಯಾವುದೆಂದು ತಿಳಿಯದೆ ಅವಳು ಮತ್ತೆ ಮೊದಲಿನಿಂದ ಬರಬೇಕಾಗಿತ್ತು. ‘ನಾನು ಕಳೆದುಹೋದೆ’ ಎಂದಳು. ಇದನ್ನೂ ತಾಜುದ್ದೀನರ ಬೆರಳು ತಾನಾಗಿ ದಾಟಿಕೊಂಡು ಹೋಗುತ್ತಿತ್ತು, ತಪ್ಪೆಂದು ಅವರಿಗೆ ಹೊಳೆದೇ ಇರಲಿಲ್ಲ. ಅಕ್ಷಯಾ ಅಲ್ಲೇ ಪಕ್ಕದಲ್ಲಿ ಕೂತು ಅದನ್ನೂ ಸರಿಮಾಡಿದಳು. ನೂರ್‌ಜಹಾನ್ ತಾನಾಗಿ ಓಕೆ ಎಂದ ಮೇಲೆ ನಾನು ಹೊರಗೆ ಹೋಗಿ ಮಾಮನನ್ನು ಒಳಗೆ ಕರೆದೆ.

ಸೋಮವಾರ ನಾವಿಬ್ಬರೂ ಶಾಲೆಯ ವರಾಂಡದ ಬೆಂಚಿನ ಮೇಲೆ ಕೂತಿದ್ದೆವು. ಒಳಗೆ ಮಕ್ಕಳು, ಹೆಡ್‌ಮಿಸ್, ಕಮಿಟಿಯ ಒಬ್ಬ ದಪ್ಪ ಯಜಮಾನರು. ನೂರ್‌ಜಹಾನ್ ಹೆಸರು ಕೂಗುವುದು, ಮಗು ‘ಎಸ್ ಮಿಸ್’ ಎನ್ನುವುದು, ಲ್ಯಾಪ್‌ಟಾಪಿನ ದನಿ ‘ಹಾಜರು’ ಎನ್ನುವುದು ಹೊರಗೆ ಕೇಳುತ್ತಿತ್ತು. ರಯ್ಯಾನ್ ಎಂದು ಕೂಗಿದಾಗ ಉತ್ತರ ಬರಲಿಲ್ಲ. ‘ಅವ್ನಿಗೆ ಜ್ವರ ಮಿಸ್’ ಎಂದು ನಾಲ್ಕು ಮಕ್ಕಳು ಒಟ್ಟಿಗೆ ಕಿರುಚಿದವು. ಆಮೇಲೆ ಸದ್ದಿಲ್ಲ. ತಾಜುದ್ದೀನ್ ಕರವಸ್ತ್ರವನ್ನು ಹಿಂಡಿ ಮುದ್ದೆ ಮಾಡಿಬಿಟ್ಟಿದ್ದರು.

‘ಒಬ್ಬರು ಗೈರು, ರಯ್ಯಾನ್. ಉಳಿದವರು ಹಾಜರು. ಸೇವ್ ಆಗಿದೆ’ ಎಂದಿತು ದನಿ.

‘ದಿನಾ ಇಷ್ಟೊತ್ತು ಆಗುತ್ತೇನಮ್ಮ?’ ಎಂದರು ಯಜಮಾನರು.

‘ಇವತ್ತು ಮೊದಲ್ನೇ ದಿನ ಸರ್.’

ಅವರು ಹ್ಞೂಂ ಎಂದು ಎದ್ದರು. ಹೆಡ್‌ಮಿಸ್ ಬಾಗಿಲ ಹತ್ತಿರ ತಿರುಗಿ, ‘ಪಾಠ ಶುರು ಮಾಡಿ ಮಿಸ್, ನಿಮ್ ಕ್ಲಾಸ್ ಗಲಾಟೆ ಆಫೀಸ್‌ವರ್ಗೂ ಕೇಳುತ್ತೆ’ ಎಂದು ಗದರಿ ಹೋದರು. ‘ನಿಮ್ ಕ್ಲಾಸ್’ ಎಂಬುದನ್ನು ತಾಜುದ್ದೀನ್ ತುಟಿಯಲ್ಲೇ ಎರಡು ಸಲ ಹೇಳಿಕೊಂಡರು. ಕಾಣದ ಆ ಕಣ್ಣುಗಳಲ್ಲಿ ನೀರಿತ್ತು.

ಗೇಟಿನಿಂದ ಹೊರಗೆ ಬಂದೆವು. ಸ್ಕೂಟರ್ ರಸ್ತೆಯ ಆ ಕಡೆ ನಿಲ್ಲಿಸಿದ್ದೆ. ದಿನವೂ ಮಾಡುವಂತೆ ಅವರ ಮಣಿಕಟ್ಟು ಹಿಡಿದು ಹೊರಟೆ. ಅವರು ನಿಂತುಬಿಟ್ಟರು.

‘ವಿಜಯಣ್ಣ, ಕೈ ಬಿಡಿ.’

ಸಿಟ್ಟಾದರೇನೋ ಎಂದುಕೊಂಡು ಬಿಟ್ಟೆ.

‘ನೀವು ಹಿಂಗೆ ಹಿಡ್ಕೊಂಡು ಎಳ್ಕೊಂಡು ಹೋಗ್ತೀರಲ್ಲ, ಮುಂದೆ ಮೆಟ್ಟಿಲು ಬಂತೋ ಮೋರಿ ಬಂತೋ ನಂಗೆ ತಿಳಿಯಲ್ಲ. ಭಯ ಆಗುತ್ತೆ.’

‘ಇವತ್ತಾ?’

‘ದಿನಾ.’

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಸ್ಕೂಟರು, ನನ್ನ ಬೆಳಗಿನ ಹೊತ್ತು, ಇಷ್ಟು ವರ್ಷದ ಉಪಕಾರ! ‘ಏನ್ರೀ ತಾಜು ಭಾಯ್, ಇದನ್ನ ಮೊದಲ್ನೇ ದಿನಾನೇ ಹೇಳೋಕೇನಾಗಿತ್ತು ನಿಮಗೆ?’ ಎಂದು ಬೀದಿಯಲ್ಲೇ ಕೂಗಿದೆ.

‘ಹಿಂಗೇ ಇರುತ್ತೆ ಅಂದ್ಕೊಂಡಿದ್ದೆ’ ಎಂದರು. ಗಾಳಿಯಲ್ಲಿ ಕೈ ಚಾಚಿ ನನ್ನ ತೋಳು ಹುಡುಕಿ, ಮೊಣಕೈಯ ಮೇಲ್ಭಾಗವನ್ನು ಮೆಲ್ಲಗೆ ಹಿಡಿದರು. ‘ನೀವು ಸುಮ್ನೆ ನಿಮ್ ಪಾಡಿಗೆ ನಡೀರಿ. ನಾನು ಹಿಡ್ಕೊಂಡಿರ್ತೀನಿ.’

ನಾನು ನಡೆದೆ. ಆ ಹಿಡಿತದಲ್ಲಿ ಭಾರವೇ ಇರಲಿಲ್ಲ. ಅರ್ಧ ರಸ್ತೆಗೆ ಬಂದಾಗ ನೀರಿನ ಟ್ಯಾಂಕರೊಂದು ನುಗ್ಗಿ ಬಂತು. ನಾನು ನಿಂತೆ. ಹೇಳುವ ಮೊದಲೇ, ನನ್ನ ಜೊತೆಗೇ, ಅವರೂ ನಿಂತರು. ಟ್ಯಾಂಕರ್ ದಾಟಿತು.

‘ಭಯ ಆಯ್ತಾ?’ ಎಂದು ಕೇಳಿದೆ.

‘ಇಲ್ಲ’ ಎಂದರು ತಾಜುದ್ದೀನ್.